ಗಿಟಾರಿನ ದನಿಯೂ ಹಾಡಿನ ಮಾತೂ

ಕಾಸರಗೋಡಿನ ಕನ್ನಡಿಗರ ಕಲಾಜೀವನವು ದೊಡ್ಡ ಸಭಾಂಗಣಗಳನ್ನು ನಂಬಿ ಬೆಳೆದುದಲ್ಲ. ಮನೆಯ ಅಂಗಳ, ಭಜನಾ ಮಂದಿರದ ಜಗಲಿ, ಶಾಲೆಯ ಹಜಾರ, ವಾಚನಾಲಯದ ಕೋಣೆ, ದೇವಸ್ಥಾನದ ಹೊರಾಂಗಣ - ಇವೇ ಬಹುಕಾಲದಿಂದ ನಮ್ಮ ರಂಗಸ್ಥಳಗಳು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆಯ ಕೂಟವೆಂದರೆ ಇಂದಿಗೂ ಐವತ್ತು ಅರುವತ್ತು ಮಂದಿ ಚಾಪೆಯ ಮೇಲೋ ಕುರ್ಚಿಗಳಲ್ಲೋ ಕುಳಿತು ಕೇಳುವ ಆಪ್ತ ಸಭೆಯೇ ಆಗಿದೆ. ಅಂಥ ಸಭೆಗೆ ಮಾತೇ ಪ್ರಾಣ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918-2006) ಅರ್ಥಧಾರಿಗಳನ್ನು ಕೇಳಿದ ಜನ ಇದು. ಒಂದು ಶಬ್ದ ಕೈತಪ್ಪಿದರೆ ಪಕ್ಕದವರನ್ನು ವಿಚಾರಿಸಿ ತಿಳಿದುಕೊಳ್ಳುವ ಜನ.

ಈ ಸಣ್ಣ ಸಭೆಗಳಿಗೆ ಕೆಲವು ದಶಕಗಳಿಂದ ಗಿಟಾರೂ ಬಂದು ಸೇರಿದೆ. ಕೊಂಕಣಿ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಅದು ಹೊಸತೇನಲ್ಲ. ಕನ್ನಡ ಚಲನಚಿತ್ರ ಸಂಗೀತಕ್ಕೂ ಅದು ಹಳೆಯ ನಂಟು; ಜಿ. ಕೆ. ವೆಂಕಟೇಶರ ವಾದ್ಯವೃಂದದಲ್ಲಿ ಗಿಟಾರು ನುಡಿಸಿದವರ ಪೈಕಿ ಇಳೆಯರಾಜರೂ ಒಬ್ಬರೆಂಬುದನ್ನು ಸಂಗೀತಪ್ರಿಯರು ಬಲ್ಲರು. ಇಂದು ನಮ್ಮ ಹುಡುಗ ಹುಡುಗಿಯರು ಭಾವಗೀತೆಗಳನ್ನೂ ನಾಡಗೀತಗಳನ್ನೂ ಹಾಡುವಾಗ ಹಾರ್ಮೋನಿಯಂ ಇರುತ್ತಿದ್ದ ಎಡೆಯಲ್ಲಿ ಗಿಟಾರನ್ನು ಹಿಡಿಯುತ್ತಾರೆ. ಹೊತ್ತೊಯ್ಯಲು ಹಗುರ, ನಿಂತು ನುಡಿಸಲು ಅನುಕೂಲ, ಒಬ್ಬನೇ ಹಾಡಿಕೊಂಡು ನುಡಿಸಬಹುದು.

ಆದರೆ ಒಂದು ತೊಡಕು ಎಲ್ಲ ಕಡೆಯೂ ಕಾಣುತ್ತದೆ. ಮರದ ಗಿಟಾರಿನ ದನಿ ನಾಲ್ಕನೆಯ ಸಾಲಿಗೆ ತಲಪುವುದಿಲ್ಲ. ಮುಂದೆ ಮೈಕು ನಿಲ್ಲಿಸಿದರೆ ನುಡಿಸುವವನು ತುಸು ಅಲುಗಿದರೂ ದನಿ ಏರಿಳಿಯುತ್ತದೆ. ತಬಲೆಯ ಸದ್ದು, ಫ್ಯಾನಿನ ಸದ್ದು ಎಲ್ಲವೂ ಅದರೊಳಗೆ ಹೊಗುತ್ತವೆ. ದನಿ ಏರಿಸಿದೊಡನೆ ಧ್ವನಿವರ್ಧಕ ಕೂಗಿಕೊಳ್ಳುತ್ತದೆ. ಇದಕ್ಕೆ ಪರಿಹಾರವೆಂದು ಈಗ ಅನೇಕರು ಗಿಟಾರಿಗೆ ಪಿಕಪ್ ಹಾಕಿಸುತ್ತಿದ್ದಾರೆ. ಹಾಕಿಸಿದ ಮೇಲೆ ಇನ್ನೊಂದು ತೊಡಕು: ಗಿಟಾರು ಚೆನ್ನಾಗಿ ಕೇಳಿಸುತ್ತದೆ, ಹಾಡಿನ ಮಾತು ಕೇಳಿಸುವುದಿಲ್ಲ! ಈ ಎರಡನೆಯ ತೊಡಕು ಮೊದಲಿನದಕ್ಕಿಂತ ನಮಗೆ ದೊಡ್ಡದು. ಆದುದರಿಂದ ಪಿಕಪ್ ಎಂದರೇನು, ಅದನ್ನು ಹೇಗೆ ಅಳವಡಿಸಬೇಕು, ಮಾತನ್ನು ನುಂಗದಂತೆ ಅದನ್ನು ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ.

ಪಿಕಪ್ ಎಂದರೇನು?

ತಂತಿಯೊಂದೇ ಕಂಪಿಸಿದರೆ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಗಿಟಾರಿನಲ್ಲಿ ತಂತಿಯ ಕಂಪನವು ಸ್ಯಾಡಲ್ ಎಂಬ ಎಲುಬಿನ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ಪಟ್ಟಿಗೂ, ಅದನ್ನು ಹೊತ್ತ ಕುದುರೆಗೂ, ಕುದುರೆಯಿಂದ ತೆಳುವಾದ ಮುಖಹಲಗೆಗೂ ಇಳಿಯುತ್ತದೆ. ಹಲಗೆ ಅಲುಗಿದಾಗ ಪೆಟ್ಟಿಗೆಯೊಳಗಿನ ಗಾಳಿಯೂ ಅಲುಗಿ ದನಿ ಹೊರಡುತ್ತದೆ. ವೀಣೆಯಲ್ಲಿಯೂ ತಂಬೂರಿಯಲ್ಲಿಯೂ ನಡೆಯುವುದು ಇದೇ ಬಗೆಯ ವ್ಯಾಪಾರ.

ಮೈಕು ಗಾಳಿಯ ಕಂಪನವನ್ನು ಹಿಡಿಯುತ್ತದೆ. ಪಿಕಪ್ಪಾದರೋ ವಾದ್ಯದ ಕಂಪನವನ್ನೇ ನೇರವಾಗಿ ಹಿಡಿದು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಹಳೆಯ ಗ್ರಾಮಫೋನು ತಟ್ಟೆಗಳನ್ನು ಕೇಳಿದ ಹಿರಿಯರಿಗೆ ಈ ಶಬ್ದ ಅಪರಿಚಿತವಲ್ಲ. ತಟ್ಟೆಯ ಮೇಲೆ ಓಡುವ ಮುಳ್ಳಿನ ನಡುಕವನ್ನು ವಿದ್ಯುತ್ತಾಗಿಸುತ್ತಿದ್ದ ಅಂಗಕ್ಕೂ ಪಿಕಪ್ ಎಂದೇ ಹೆಸರು.

ಪಿಕಪ್ಪುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಅಯಸ್ಕಾಂತದ್ದು. ಅಯಸ್ಕಾಂತಕ್ಕೆ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, ಅದರ ಮೇಲೆ ಉಕ್ಕಿನ ತಂತಿ ಕಂಪಿಸುವಂತೆ ಮಾಡಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅಮೆರಿಕದಲ್ಲಿ ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಎಂಬವರು 1930ರ ದಶಕದ ಆರಂಭದಲ್ಲಿ ಇಂತಹ ಪಿಕಪ್ಪಿನ ಗಿಟಾರನ್ನು ಮಾರುಕಟ್ಟೆಗೆ ತಂದರು. ಅಲ್ಲಿಯೂ ಕಾರಣ ನಮ್ಮದೇ: ತುತ್ತೂರಿಗಳ ನಡುವೆ ಗಿಟಾರು ಕೇಳಿಸುತ್ತಿರಲಿಲ್ಲ. ಎರಡನೆಯದು ಸ್ಫಟಿಕದ್ದು. 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸೋದರರು, ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ತೋರುವುದೆಂದು ಕಂಡುಹಿಡಿದರು. ಇದನ್ನು ಪೀಜೋ ಗುಣವೆನ್ನುತ್ತಾರೆ. ಹಿಂದಿನ ಗ್ರಾಮಫೋನು ಪಿಕಪ್ಪುಗಳಲ್ಲಿ ರೋಶೆಲ್ ಉಪ್ಪಿನ ಹರಳನ್ನು ಬಳಸುತ್ತಿದ್ದರು. ಅದು ತೇವವನ್ನು ಹೀರಿ ಕೆಡುವಂಥದು, ನಮ್ಮ ಕರಾವಳಿಯ ಮಳೆಗಾಲಕ್ಕೆ ಹೇಳಿಸಿದ್ದಲ್ಲ. ಇಂದಿನ ಪೀಜೋ ಪಿಕಪ್ಪುಗಳಲ್ಲಿ ಇರುವುದು ಹೆಚ್ಚಾಗಿ ತೇವಕ್ಕೆ ಅಷ್ಟಾಗಿ ಬಗ್ಗದ ಪಿಂಗಾಣಿ ಜಾತಿಯ ವಸ್ತು.

ಪರಂಪರೆಗೆ ವಿರೋಧವೇ?

ಮರದ ವಾದ್ಯಕ್ಕೆ ವಿದ್ಯುತ್ತಿನ ಸಂಬಂಧವೇ ಸಲ್ಲದೆಂದು ವಾದಿಸುವವರು ಇದ್ದಾರೆ. ಆದರೆ ಕರ್ನಾಟಕ ಸಂಗೀತದ ವೇದಿಕೆ ಈ ಚರ್ಚೆಯನ್ನು ಎಂದೋ ಕಂಡಿದೆ. ಮೃದಂಗದ ಎದುರು ವೀಣೆ ಮೆಲುವಾಗುತ್ತದೆಂಬ ಕಾರಣದಿಂದ ಕಳೆದ ಶತಮಾನದ ಉತ್ತರಾರ್ಧದಲ್ಲಿ ಚಿಟ್ಟಿಬಾಬು (1936-1996) ಮೊದಲಾದ ವೈಣಿಕರು ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕನ್ನು ಬಳಸಿದರು. ಯು. ಶ್ರೀನಿವಾಸರಂತೂ (1969-2014) ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿಯೇ ರಾಗಾಲಾಪನೆ ಮಾಡಿ ಪಂಡಿತರನ್ನೂ ಪಾಮರರನ್ನೂ ಒಲಿಸಿಕೊಂಡರು. ಇಂದು ಪಿಟೀಲಿಗೆ ಪಿಕಪ್ ಇರುವುದನ್ನು ಯಾರೂ ಎತ್ತಿ ಆಡುವುದಿಲ್ಲ. ಅಂದಮೇಲೆ ಪ್ರಶ್ನೆ ಪಿಕಪ್ ಬೇಕೇ ಬೇಡವೇ ಎಂಬುದಲ್ಲ. ಯಾವ ಪ್ರಮಾಣದಲ್ಲಿ, ಯಾವ ಉದ್ದೇಶಕ್ಕೆ ಎಂಬುದು.

ಯಾವುದನ್ನು ಆರಿಸಬೇಕು?

ಸಣ್ಣ ಸಭೆಯ ಗಾಯಕನಿಗೆ ಮೂರು ದಾರಿಗಳಿವೆ.

ಅಯಸ್ಕಾಂತದ ಪಿಕಪ್ಪನ್ನು ಗಿಟಾರಿನ ದುಂಡು ರಂಧ್ರಕ್ಕೆ ಅಡ್ಡಲಾಗಿ ಸಿಕ್ಕಿಸಬಹುದು. ಮರಕ್ಕೆ ಘಾತವಿಲ್ಲ, ಧ್ವನಿವರ್ಧಕ ಕೂಗಿಕೊಳ್ಳುವ ಭಯವೂ ಕಡಿಮೆ. ಆದರೆ ದನಿ ಮರದ ಗಿಟಾರಿನದಾಗಿ ಉಳಿಯದೆ ತುಸು ವಿದ್ಯುತ್ ಗಿಟಾರಿನತ್ತ ವಾಲುತ್ತದೆ. ನೈಲಾನ್ ತಂತಿಯ ಗಿಟಾರಿಗಂತೂ ಇದು ಕೆಲಸಕ್ಕೆ ಬಾರದು. ಅಯಸ್ಕಾಂತಕ್ಕೆ ನೈಲಾನು ಗೋಚರಿಸುವುದೇ ಇಲ್ಲ.

ಸ್ಯಾಡಲಿನ ಅಡಿಯಲ್ಲಿ ಇಡುವ ಪೀಜೋ ಪಟ್ಟಿ ಎರಡನೆಯದು. ಹೆಲಿಕಾಪ್ಟರುಗಳನ್ನು ತಯಾರಿಸುತ್ತಿದ್ದ ಚಾರ್ಲ್ಸ್ ಕಾಮನ್ ಎಂಬ ಅಮೆರಿಕನ್ 1966ರಲ್ಲಿ ಸ್ಥಾಪಿಸಿದ ಒವೇಶನ್ ಸಂಸ್ಥೆಯ ಗಿಟಾರುಗಳಿಂದ ಈ ಕ್ರಮ ಜನಪ್ರಿಯವಾಯಿತು. ಇಂದು ಅಂಗಡಿಗಳಲ್ಲಿ ದೊರೆಯುವ ವಿದ್ಯುತ್ ಜೋಡಣೆಯ ಮರದ ಗಿಟಾರುಗಳಲ್ಲಿ ಬಹುಪಾಲು ಈ ಬಗೆಯವು. ಆರು ತಂತಿಗಳೂ ಸಮವಾಗಿ ಕೇಳುತ್ತವೆ, ದನಿ ಗಟ್ಟಿ. ಆದರೆ ಇದನ್ನು ಕೂರಿಸಲು ಸ್ಯಾಡಲಿನ ಕುಳಿಯಲ್ಲಿ ಸಣ್ಣ ರಂಧ್ರ ಕೊರೆಯಬೇಕು, ಪಟ್ಟಿಯ ದಪ್ಪಕ್ಕೆ ತಕ್ಕಷ್ಟು ಸ್ಯಾಡಲಿನ ಅಡಿಯನ್ನು ಸವೆಸಬೇಕು. ಸವೆಸಿದ ಅಡಿ ಕನ್ನಡಿಯಷ್ಟು ಸಮತಟ್ಟಾಗಿರದಿದ್ದರೆ ಒಂದು ತಂತಿ ಅಬ್ಬರಿಸಿ ಇನ್ನೊಂದು ಮೂಕವಾಗುತ್ತದೆ. ಇದು ಪಳಗಿದ ಕೈಯ ಕೆಲಸ.

ಮೂರನೆಯದು ಅಂಟಿಸುವ ಪೀಜೋ ಬಿಲ್ಲೆ. ಹಿತ್ತಾಳೆಯ ತೆಳು ತಟ್ಟೆಯ ಮೇಲೆ ಬಿಳಿಯ ಪಿಂಗಾಣಿ ಪದರವಿರುವ, ಸುಮಾರು 27 ಮಿಲಿಮೀಟರು ಅಗಲದ ಈ ಬಿಲ್ಲೆಯನ್ನು ರೇಡಿಯೋ ರಿಪೇರಿಯವರು ಬಜರಿನ ಬಿಲ್ಲೆಯೆಂದೇ ಬಲ್ಲರು. ಬೆಲೆ ಅತ್ಯಲ್ಪ. ವಾದ್ಯದ ಮರವನ್ನು ಕೊರೆಯುವ ಅಗತ್ಯವಿಲ್ಲ. ಮನೆತನದ ಹಳೆಯ ಗಿಟಾರಾಗಲಿ, ಕಲಿಯುವ ಮಕ್ಕಳ ಸಾಧಾರಣ ಗಿಟಾರಾಗಲಿ, ಮೊದಲ ಪ್ರಯೋಗಕ್ಕೆ ಇದೇ ಯೋಗ್ಯ. ಸರಿಬಾರದಿದ್ದರೆ ಕಳಚಿ ತೆಗೆದರಾಯಿತು.

ಅಳವಡಿಸುವ ಕ್ರಮ

ಬಿಲ್ಲೆಗೆ ಎರಡು ತಂತಿಗಳನ್ನು ಬೆಸೆಯಬೇಕು: ಒಂದು ಹಿತ್ತಾಳೆಯ ಅಂಚಿಗೆ, ಇನ್ನೊಂದು ನಡುವಿನ ಬಿಳಿಯ ಪದರಕ್ಕೆ. ಬೆಸುಗೆಯ ಕಡ್ಡಿಯನ್ನು ಒಂದೆರಡು ಸೆಕೆಂಡಿಗಿಂತ ಹೆಚ್ಚು ಇರಿಸಕೂಡದು. ಅಧಿಕ ಶಾಖದಿಂದ ಪದರವು ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ತಂತಿ ಜೋಡಿಸಿಯೇ ದೊರೆಯುವ ಬಿಲ್ಲೆಗಳೂ ಉಂಟು. ಹಿತ್ತಾಳೆಯ ತಂತಿಯನ್ನು ಜಾಕಿನ ಹೊರಭಾಗಕ್ಕೂ ನಡುವಿನದನ್ನು ಜಾಕಿನ ತುದಿಗೂ ಸೇರಿಸತಕ್ಕದ್ದು. ಹೊರಗೆ ಲೋಹದ ಹೆಣಿಗೆಯಿರುವ ವಯರನ್ನೇ ಬಳಸಬೇಕು; ಇಲ್ಲವಾದರೆ ಟ್ಯೂಬ್‌ಲೈಟಿನ ಗುಂಯ್‌ಗಾಟವೆಲ್ಲ ಒಳಗೆ ಬರುತ್ತದೆ.

ಬಿಲ್ಲೆಯನ್ನು ಅಂಟಿಸುವ ಜಾಗವನ್ನು ಅವಸರದಿಂದ ನಿರ್ಧರಿಸಬಾರದು. ಮೊದಲು ಅದನ್ನು ಎರಡು ಬದಿ ಅಂಟುವ ತೆಳು ಟೇಪಿನಿಂದ ಹೊರಮೈಯಲ್ಲಿ ಕುದುರೆಯ ಸಮೀಪ ತಾತ್ಕಾಲಿಕವಾಗಿ ಹಚ್ಚಿ, ನುಡಿಸಿ, ನಾಲ್ಕಾರು ಸ್ಥಾನಗಳಲ್ಲಿ ಕೇಳಿನೋಡಬೇಕು. ಕುದುರೆಗೆ ಸಮೀಪವಾದಷ್ಟೂ ದನಿ ಸ್ಪಷ್ಟ. ದೂರ ಹೋದಂತೆ ಪೆಟ್ಟಿಗೆಯ ಬಡಿತ ಹೆಚ್ಚು. ಜಾಗ ನಿಶ್ಚಯವಾದ ಬಳಿಕ ತಂತಿಗಳನ್ನು ಸಡಿಲಿಸಿ, ದುಂಡು ರಂಧ್ರದೊಳಗೆ ಕೈಯಿಳಿಸಿ, ಕುದುರೆಯ ನೇರ ಅಡಿಯಲ್ಲಿರುವ ಗಟ್ಟಿ ಮರದ ಪಟ್ಟಿಗೆ ಅಂಟಿಸಬಹುದು. ವಯರು ಒಳಗೆ ತೂಗಾಡಿ ಹಲಗೆಗೆ ಬಡಿಯದಂತೆ ಅಲ್ಲಲ್ಲಿ ಟೇಪು ಹಾಕಬೇಕು. ಜಾಕನ್ನು ಗಿಟಾರಿನ ಬುಡದಲ್ಲಿ ಕೂರಿಸಲು ಸುಮಾರು 12 ಮಿಲಿಮೀಟರಿನ ರಂಧ್ರ ಬೇಕಾಗುತ್ತದೆ. ಇದೊಂದೇ ಮತ್ತೆ ಮುಚ್ಚಲಾಗದ ಕೆಲಸ. ಆದಕಾರಣ ಕೆಲವು ತಿಂಗಳು ಜಾಕನ್ನು ಹೊರಗೆ ಬೆಲ್ಟಿಗೆ ಕಟ್ಟಿಕೊಂಡು ನುಡಿಸಿ, ತೃಪ್ತಿಯಾದ ಮೇಲೆ ಮಾತ್ರ ಡ್ರಿಲ್ಲನ್ನು ಎತ್ತಿಕೊಳ್ಳುವುದು ವಿವೇಕ.

ನಡುವೆ ಒಂದು ಪೆಟ್ಟಿಗೆ

ಬಿಲ್ಲೆಯನ್ನು ಅಂಟಿಸಿ, ಬಾಡಿಗೆಗೆ ತಂದ ಧ್ವನಿವರ್ಧಕಕ್ಕೆ ನೇರವಾಗಿ ಸಿಕ್ಕಿಸಿದವರು ಹೆಚ್ಚಾಗಿ ನಿರಾಶರಾಗುತ್ತಾರೆ. ದನಿ ತಗಡಿನ ಡಬ್ಬಿಯಂತೆ ತೆಳುವಾಗಿ ಬರುತ್ತದೆ. ದೋಷ ಬಿಲ್ಲೆಯದಲ್ಲ. ಪೀಜೋ ಬಿಲ್ಲೆಯಿಂದ ಹೊರಡುವ ವಿದ್ಯುತ್ತು ಬಹಳ ಕ್ಷೀಣವಾದುದು. ಅದನ್ನು ಸ್ವೀಕರಿಸುವ ಯಂತ್ರದ ಬಾಗಿಲಿನ ತಡೆ ಒಂದು ಮೆಗಾ ಓಮಿಗೂ ಹೆಚ್ಚಿರಬೇಕು. ಸಾಮಾನ್ಯ ಮಿಕ್ಸರುಗಳಲ್ಲಿ ಅದು ಕೆಲವು ಸಾವಿರ ಓಮುಗಳಷ್ಟೇ. ಆಗ ಮಂದ್ರದ ಸ್ವರಗಳು ಸೋರಿಹೋಗಿ ತಾರದ ಕೀರಲು ಮಾತ್ರ ಉಳಿಯುತ್ತದೆ. ಇದಕ್ಕಾಗಿ ಬಿಲ್ಲೆಗೂ ಮಿಕ್ಸರಿಗೂ ನಡುವೆ ಪ್ರೀಆಂಪ್ಲಿಫಯರ್ ಎಂಬ ಸಣ್ಣ ಪೆಟ್ಟಿಗೆಯನ್ನು ಇಡಬೇಕು. 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಇಂತಹ ಪೆಟ್ಟಿಗೆಗೆ ಪಿಕಪ್ಪಿಗಿಂತ ಹೆಚ್ಚು ಖರ್ಚಾದರೂ ಹಣ ವ್ಯರ್ಥವಲ್ಲ. ಹಣವಿರುವಷ್ಟನ್ನೂ ಪಿಕಪ್ಪಿಗೆ ಸುರಿದು ಇದನ್ನು ಮರೆಯುವುದೇ ವ್ಯರ್ಥ. ಗಿಟಾರಿನಿಂದ ಪೆಟ್ಟಿಗೆಯವರೆಗಿನ ವಯರು ಎರಡು ಮೂರು ಮೀಟರಿಗಿಂತ ಉದ್ದವಿರದಿದ್ದರೆ ಒಳ್ಳೆಯದು.

ವಿದ್ಯುತ್ತಿನ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಂಗಳದ ಚಪ್ಪರಗಳಲ್ಲಿ ಎಲ್ಲಿಂದಲೋ ಎಳೆದ ವಯರಿನಿಂದ ಧ್ವನಿವರ್ಧಕ ನಡೆಯುವುದುಂಟು. ಗುಂಯ್ ಎಂಬ ಸದ್ದು ಬಂದಾಗ ಪ್ಲಗ್ಗಿನ ಮೂರನೆಯ ಕಾಲನ್ನು, ಅಂದರೆ ಅರ್ತಿಂಗನ್ನು, ಕಳಚಿ ಸದ್ದು ನಿಲ್ಲಿಸುವ ಚಾಳಿ ಕೆಲವೆಡೆ ಇದೆ. ಇದು ಪ್ರಾಣಾಪಾಯಕಾರಿ. ಲೋಹದ ತಂತಿಯ ಮೇಲೆ ಕೈಯಿಟ್ಟು, ಲೋಹದ ಮೈಕಿಗೆ ತುಟಿಯೊಡ್ಡಿ, ತೇವದ ನೆಲದ ಮೇಲೆ ನಿಂತವನಿಗೆ ವಿದ್ಯುದಾಘಾತವಾಗಲು ಮತ್ತೇನೂ ಬೇಡ. ಗಿಟಾರನ್ನೂ ಮೈಕನ್ನೂ ಒಂದೇ ಮಿಕ್ಸರಿಗೆ, ಎಲ್ಲ ಯಂತ್ರಗಳನ್ನೂ ಸರಿಯಾದ ಅರ್ತಿಂಗಿರುವ ಒಂದೇ ಪ್ಲಗ್ಗಿನ ಜಾಗಕ್ಕೆ ಜೋಡಿಸಬೇಕು. ಆ ಸಾಲಿನಲ್ಲಿ 30 ಮಿಲಿ ಆಂಪಿಯರಿಗೆ ಕಡಿದುಕೊಳ್ಳುವ ರಕ್ಷಕ ಸ್ವಿಚ್ಚು ಇರುವುದು ಕ್ಷೇಮ.

ಕೂಗಿಕೊಳ್ಳುವ ಪಿಡುಗು

ಸ್ಪೀಕರಿನಿಂದ ಹೊರಟ ದನಿ ಗಿಟಾರಿನ ಹಲಗೆಯನ್ನು ಅಲುಗಿಸಿ, ಆ ಅಲುಗಾಟ ಮತ್ತೆ ಪಿಕಪ್ಪಿನ ಮೂಲಕ ಸ್ಪೀಕರಿಗೆ ಹೋಗಿ, ಸುತ್ತು ಸುತ್ತಾಗಿ ಬೆಳೆದಾಗ ಧ್ವನಿವರ್ಧಕ ಕೂಗುತ್ತದೆ. ಗಿಟಾರಿನ ಪೆಟ್ಟಿಗೆಯೊಳಗಿನ ಗಾಳಿಯು ಸೆಕೆಂಡಿಗೆ ಸುಮಾರು 100 ಕಂಪನಗಳ ಸುತ್ತಮುತ್ತ ತಾನೇ ತಾನಾಗಿ ಮೊರೆಯುವಂಥದು; ಕೂಗು ಹುಟ್ಟುವುದು ಸಾಮಾನ್ಯವಾಗಿ ಅಲ್ಲಿಯೇ. ಉಪಾಯಗಳು ಸರಳ. ಸ್ಪೀಕರುಗಳು ಹಾಡುವವನಿಗಿಂತ ಮುಂದೆ, ಸಭೆಯತ್ತ ಮುಖ ಮಾಡಿರಬೇಕು. ಮಿಕ್ಸರಿನಲ್ಲಿ ಗಿಟಾರಿನ ಬೇಸನ್ನು ಇಳಿಸಬೇಕು. ದುಂಡು ರಂಧ್ರಕ್ಕೆ ರಬ್ಬರಿನ ಮುಚ್ಚಳ ಹಾಕಿದರೆ ಇನ್ನಷ್ಟು ಗುಣ ಕಾಣುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ದನಿಯನ್ನು ಬೇಕಾದಷ್ಟೇ ಇಡುವುದು. ಐವತ್ತು ಜನರ ಸಭೆಗೆ ಜಾತ್ರೆಯ ಗದ್ದೆಗೆ ಸಲ್ಲುವ ಅಬ್ಬರ ಬೇಡ.

ಮಾತು ಮೊದಲು

ಇನ್ನು ಮೊದಲಲ್ಲಿ ಹೇಳಿದ ಎರಡನೆಯ ತೊಡಕಿಗೆ ಬರೋಣ. ಸ್ವರಾಕ್ಷರಗಳ ಬಲ ಕೆಳಗಿನ ಕಂಪನಗಳಲ್ಲಿದೆ. ವ್ಯಂಜನಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸಿ ತಿಳಿಸುವ ಗುರುತುಗಳು ಬಹುಮಟ್ಟಿಗೆ ಸೆಕೆಂಡಿಗೆ 2000ದಿಂದ 4000 ಕಂಪನಗಳ ಎಡೆಯಲ್ಲಿರುತ್ತವೆ. ಪೀಜೋ ಪಿಕಪ್ಪಿನ ಚುರುಕು ಕೊರೆತವೂ ಏರುವುದು ಹೆಚ್ಚುಕಡಿಮೆ ಅದೇ ಎಡೆಯಲ್ಲಿ! ಗಿಟಾರನ್ನು ಜೋರಾಗಿ ಮೀಟಿದಾಗ ಹಾಡುಗಾರನ ರಾಗ ಕೇಳುತ್ತದೆ, ಸಾಹಿತ್ಯ ಅಳಿಸಿಹೋಗುತ್ತದೆ. ಹಾಡುಗಾರ ತನ್ನ ಮಾತು ಕೇಳಿಸುತ್ತಿಲ್ಲವೆಂದು ಮೈಕನ್ನು ಏರಿಸುತ್ತಾನೆ. ಬಳಿಕ ಗಿಟಾರು ಕಡಿಮೆಯಾಯಿತೆಂದು ಅದನ್ನೂ ಏರಿಸುತ್ತಾನೆ. ಈ ಪೈಪೋಟಿಯಲ್ಲಿ ಸೋಲುವವರು ಕೇಳುಗರು.

ದಾರಿ ಇದಕ್ಕೆ ವಿರುದ್ಧವಾದುದು. ಮೊದಲು ಗಿಟಾರಿನ ದನಿಯನ್ನು ಪೂರ್ತಿ ಇಳಿಸಿ, ಹಾಡುಗಾರನ ಮೈಕನ್ನು ಮಾತ್ರ ಸರಿಪಡಿಸಬೇಕು. ಕೊನೆಯ ಸಾಲಿಗೆ ಪ್ರತಿಯೊಂದು ಪದ ತಿಳಿಯುವಷ್ಟಾದ ಮೇಲೆ ಗಿಟಾರನ್ನು ಮೆಲ್ಲಮೆಲ್ಲನೆ ಏರಿಸಿ, ಮಾತು ಮಸುಕಾಗುವ ಲಕ್ಷಣ ಕಂಡಲ್ಲಿಗೆ ನಿಲ್ಲಿಸಿ, ಅಲ್ಲಿಂದ ತುಸು ಹಿಂದಕ್ಕೆ ತಿರುಗಿಸಬೇಕು. ಮಿಕ್ಸರಿನಲ್ಲಿ ನಡುವಿನ ಕಂಪನಗಳ ಗುಬುಟಿದ್ದರೆ ಗಿಟಾರಿನ ಪಾಲಿಗೆ ಅದನ್ನು ಇಳಿಸಿ, ಮಾತಿಗೆ ಎಡೆಮಾಡಿಕೊಡಬೇಕು. ಹಾಡಿನ ಸಾಲು ನಡೆಯುವಾಗ ಬೆರಳಿನಿಂದ ಮೃದುವಾಗಿ ಮೀಟಿ, ಸಾಲುಗಳ ನಡುವೆ ಮಾತ್ರ ಬೀಸಿ ನುಡಿಸುವ ಅಭ್ಯಾಸ ಯಾವ ಯಂತ್ರಕ್ಕಿಂತಲೂ ಮಿಗಿಲು. ತಾಳಮದ್ದಳೆಯಲ್ಲಿ ಅರ್ಥಧಾರಿ ಮಾತು ತೊಡಗಿದೊಡನೆ ಹಿಮ್ಮೇಳ ಸುಮ್ಮನಾಗುವುದನ್ನು ನಮ್ಮ ಮಕ್ಕಳು ಎಷ್ಟು ಸಲ ಕಂಡಿಲ್ಲ? ಅದೇ ಪಾಠ ಇಲ್ಲಿಯೂ ಸಲ್ಲುತ್ತದೆ.

ಹೀಗೆ ಮಾತಿಗೆ ಇಷ್ಟು ಒತ್ತು ಕೊಡುವುದು ಕೇವಲ ಸಂಗೀತದ ರುಚಿಯ ವಿಷಯವಲ್ಲ. 1956ರ ನವೆಂಬರ 1ರಂದು ಎರಡು ರಾಜ್ಯಗಳು ಒಂದೇ ದಿನ ರೂಪುಗೊಂಡಾಗ ನಾವು ಗಡಿಯ ಈಚೆಗೆ ಉಳಿದೆವು. ಚಂದ್ರಗಿರಿಯ ಉತ್ತರದ ಭಾಗವು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದುದು ಕಾಗದದಲ್ಲಿಯೇ ಉಳಿಯಿತು. ಕನ್ನಡ ಶಾಲೆಗಳು ಇವೆಯಾದರೂ ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳೂ ಅನೇಕರಿದ್ದಾರೆ. ಅಂಥವರಿಗೆ ಗೋವಿಂದ ಪೈಗಳ, ಕಯ್ಯಾರ ಕಿಞ್ಞಣ್ಣ ರೈಗಳ ನುಡಿ ಪುಸ್ತಕದಿಂದ ಕಣ್ಣಿಗೆ ಬೀಳುವುದಕ್ಕಿಂತ ಮೊದಲು ಹಾಡಿನಿಂದ ಕಿವಿಗೆ ಬೀಳುತ್ತದೆ. ಆ ಹೊತ್ತಿನಲ್ಲಿ ರಾಗ ಮಾತ್ರ ತಲಪಿ ನುಡಿ ತಲಪದೆ ಹೋದರೆ, ಆ ಹಾಡು ಯಾವ ಭಾಷೆಯಲ್ಲಿದ್ದರೂ ಒಂದೇ ಆಗಿಬಿಡುತ್ತದೆ.

ಮಳೆಗಾಲದ ಜಾಗ್ರತೆ

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮಲ್ಲಿ ಗಿಟಾರಿನ ಹಲಗೆ ತೇವ ಹೀರಿ ಉಬ್ಬುತ್ತದೆ, ಕುದುರೆಯ ಅಂಟು ಬಿಡುತ್ತದೆ, ಜಾಕಿನ ಒಳಗೆ ಹಸಿರು ಕಿಲುಬು ಕಟ್ಟಿ ಕರಕರ ಸದ್ದು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ವಾದ್ಯವನ್ನು ಗೋಡೆಗೆ ಆನಿಸದೆ ಪೆಟ್ಟಿಗೆಯಲ್ಲಿಟ್ಟು, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಬೇಕು. ಅವನ್ನು ಆಗಾಗ ಬದಲಿಸಬೇಕು. ಬಳಸದಿರುವ ದಿನಗಳಲ್ಲಿ ಬ್ಯಾಟರಿಯನ್ನು ತೆಗೆದಿಡಬೇಕು. ಸೋರಿದ ಬ್ಯಾಟರಿಯಿಂದ ಒಳಗಿನ ಜೋಡಣೆಯೇ ಕೆಡುತ್ತದೆ. ಒಳಗೇ ಪ್ರೀಆಂಪ್ಲಿಫಯರ್ ಇರುವ ಅನೇಕ ಗಿಟಾರುಗಳಲ್ಲಿ ವಯರನ್ನು ಸಿಕ್ಕಿಸಿದೊಡನೆ ಬ್ಯಾಟರಿ ವ್ಯಯವಾಗತೊಡಗುತ್ತದೆ. ಆದುದರಿಂದ ಕಾರ್ಯಕ್ರಮ ಮುಗಿದೊಡನೆ ವಯರನ್ನು ಕಳಚುವುದನ್ನು ಮರೆಯಬಾರದು. ಸಿಡಿಲು ಮಿಂಚಿನ ಸಂಜೆಗಳಲ್ಲಿ ಪ್ಲಗ್ಗನ್ನೇ ಕೀಳುವುದು ಲೇಸು.

ಕಾರ್ಯಕ್ರಮಕ್ಕೆ ಮುನ್ನ ಎಲ್ಲ ಜೋಡಣೆ ಮುಗಿದ ಮೇಲೆ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಮೊದಲೇ ಹಾಡನ್ನು ಕೇಳಿರದ ಹಿರಿಯರೊಬ್ಬರನ್ನೋ ಸಣ್ಣ ಮಗುವನ್ನೋ ಕೊನೆಯ ಸಾಲಿನಲ್ಲಿ ಕೂರಿಸಿ, ಒಂದು ಚರಣವನ್ನು ಗಿಟಾರಿನೊಡನೆ ಹಾಡಿ, ಏನು ಕೇಳಿಸಿತೆಂದು ವಿಚಾರಿಸಬೇಕು. ಅವರು ಚರಣದ ಮಾತುಗಳನ್ನು ತಿರುಗಿ ಹೇಳಬಲ್ಲರಾದರೆ ಪಿಕಪ್ ಸರಿಯಾಗಿದೆ. ಇಲ್ಲವಾದರೆ ಗುಬುಟನ್ನು ಇನ್ನೂ ಸ್ವಲ್ಪ ಇಳಿಸತಕ್ಕದ್ದು.